ಹೊರದೇಶದ ಸ್ನೀಕರ್ ಹಾಸನದ ಬಾಗಿಲಿಗೆ: ಡಬ್ಬದ ಅಳತೆ, ಹೆಸರಿನ ಅಕ್ಷರ, ಸುಂಕದ ಲೆಕ್ಕ

180 ಡಾಲರ್ ಬೆಲೆಯ ಶೂ ಹಾಸನದ ಬಿ.ಎಂ. ರಸ್ತೆಯ ಮನೆಯೊಂದರ ಬಾಗಿಲಿಗೆ ಬರುವಷ್ಟರಲ್ಲಿ ಖರ್ಚು ಹತ್ತಿರ ಹತ್ತಿರ ದುಪ್ಪಟ್ಟಾಗಿರುತ್ತದೆ. ಇದರಲ್ಲಿ ಯಾರ ಮೋಸವೂ ಇಲ್ಲ. ಕಾರ್ಡಿನ ಶುಲ್ಕ, ಡಬ್ಬದ ಗಾತ್ರಕ್ಕೆ ಬೀಳುವ ಸಾಗಣೆ, ಸುಂಕ, ಆ ಸುಂಕವನ್ನೂ ಸೇರಿಸಿ ಹಾಕುವ ತೆರಿಗೆ, ಕೊರಿಯರ್‌ನವರ ಶುಲ್ಕ, ಹೀಗೆ ಒಂದರ ಮೇಲೊಂದು ಕೂರುತ್ತವೆ. ಇವೆಲ್ಲವನ್ನೂ ಶೂ ಕೊಳ್ಳುವ ಮುಂಚೆಯೇ ಒಂದು ಹಾಳೆಯಲ್ಲಿ ಬರೆದು ಕೂಡಬಹುದು. ಕೂಡಿದ ಮೇಲೂ ಆ ಜೋಡಿ ಬೇಕು ಅನಿಸಿದರೆ ಮುಂದುವರಿಯಿರಿ.

ಮೊದಲು ನೋಡಬೇಕಾದ್ದು ಫಾರ್ವರ್ಡಿಂಗ್, ಅಂದರೆ ಹೊರದೇಶದ ಗೋದಾಮಿನ ವಿಳಾಸಕ್ಕೆ ತರಿಸಿ ಅಲ್ಲಿಂದ ಮಧ್ಯವರ್ತಿ ಕಂಪನಿಯ (ಫಾರ್ವರ್ಡರ್) ಮೂಲಕ ಇಲ್ಲಿಗೆ ಕಳಿಸಿಕೊಳ್ಳುವುದು, ನಿಜವಾಗಿಯೂ ಬೇಕೇ ಎಂಬುದನ್ನು. ಇಂಗ್ಲೆಂಡ್ ಮತ್ತು ಯುರೋಪಿನ ಅನೇಕ ಸ್ನೀಕರ್ ಅಂಗಡಿಗಳು ಭಾರತಕ್ಕೆ ನೇರವಾಗಿ ಕಳಿಸುತ್ತವೆ. ಹಾಗೆ ಕಳಿಸುವಾಗ ತಮ್ಮ ದೇಶದ ವ್ಯಾಟ್ ತೆಗೆದೇ ಬೆಲೆ ತೋರಿಸುವ ಅಂಗಡಿಗಳು ಬಹಳ ಇವೆ. ಇಂಗ್ಲೆಂಡಿನಲ್ಲಿ ವ್ಯಾಟ್ ಶೇ. 20, ಜರ್ಮನಿಯಲ್ಲಿ ಶೇ. 19. ಅದೇ ಶೂವನ್ನು ಲಂಡನ್ನಿನ ಫಾರ್ವರ್ಡಿಂಗ್ ವಿಳಾಸಕ್ಕೆ ತರಿಸಿಕೊಂಡರೆ ಅಂಗಡಿಯ ಪಾಲಿಗೆ ಅದು ಒಳನಾಡಿನ ಮಾರಾಟ, ವ್ಯಾಟ್ ಪೂರ್ತಿ ಕಟ್ಟಬೇಕು. ಅಲ್ಲಿ ಶೇ. 20, ಇಲ್ಲಿ ಸುಂಕ, ಎರಡೂ ನಿಮ್ಮ ತಲೆಯ ಮೇಲೆ. ಹಾಗಾಗಿ ಯುರೋಪಿನ ಮಟ್ಟಿಗೆ ನೇರ ಸಾಗಣೆ ಇದ್ದರೆ ಅದೇ ಸರಿ. ತೊಂದರೆ ಏನೆಂದರೆ, ಸೀಮಿತ ಸಂಖ್ಯೆಯಲ್ಲಿ ಬರುವ ಜೋಡಿಗಳ ಕೆಳಗೆ ‘ಈ ವಸ್ತುವನ್ನು ದೇಶದ ಹೊರಗೆ ಕಳಿಸುವುದಿಲ್ಲ’ ಎಂಬ ಸಾಲು ಇರುತ್ತದೆ. ಫಾರ್ವರ್ಡರ್ ಬೇಕಾಗುವುದು ಆಗ.

ಅಮೆರಿಕದಲ್ಲಾದರೆ ಗೋದಾಮು ಯಾವ ರಾಜ್ಯದಲ್ಲಿದೆ ಎಂಬುದರ ಮೇಲೆ ಬೆಲೆ ಬದಲಾಗುತ್ತದೆ. ಆರೆಗಾನ್, ಡೆಲವೇರ್, ನ್ಯೂ ಹ್ಯಾಂಪ್‌ಶೈರ್, ಮೊಂಟಾನಾಗಳಲ್ಲಿ ರಾಜ್ಯದ ಮಾರಾಟ ತೆರಿಗೆಯೇ ಇಲ್ಲ. ನ್ಯೂಜೆರ್ಸಿ ಮತ್ತು ಪೆನ್ಸಿಲ್ವೇನಿಯಾದಲ್ಲಿ ತೆರಿಗೆ ಇದ್ದರೂ ಸಾಮಾನ್ಯ ಬಟ್ಟೆ, ಪಾದರಕ್ಷೆಗಳಿಗೆ ವಿನಾಯಿತಿ ಇದೆ. ಈ ಎರಡನೆಯ ಸಂಗತಿ ಬಹಳ ಜನರ ಗಮನಕ್ಕೆ ಬಂದಿಲ್ಲ, ಶೂ ಕೊಳ್ಳುವವರಿಗಂತೂ ಉಪಯೋಗದ್ದು. ಕ್ಯಾಲಿಫೋರ್ನಿಯಾದ ಗೋದಾಮಿಗೆ ತರಿಸಿದರೆ ಬಿಲ್ಲಿನಲ್ಲಿ ತೆರಿಗೆ ಸೇರುತ್ತದೆ. ಜಪಾನಿನಲ್ಲಿ ಶೇ. 10ರ ಬಳಕೆ ತೆರಿಗೆ ಬೆಲೆಯೊಳಗೇ ಇರುತ್ತದೆ.

ಜಪಾನಿನ ಅಂಗಡಿಯ ಶೂವನ್ನು ನಿಮ್ಮ ಅಮೆರಿಕದ ವಿಳಾಸಕ್ಕೆ ತರಿಸಿ ಅಲ್ಲಿಂದ ಇಲ್ಲಿಗೆ ಕಳಿಸಿಕೊಳ್ಳುವ ಯೋಚನೆ ಬಿಡಿ. 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗೆ ಅಮೆರಿಕ ಕೊಡುತ್ತಿದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ನಿಂತಿತು. ಒಂದೇ ಶೂಗೆ ಎರಡು ದೇಶದ ಸುಂಕ ಯಾಕೆ? ಜಪಾನಿನದ್ದು ಜಪಾನಿನ ಗೋದಾಮಿನಿಂದಲೇ ಬರಲಿ.

ಫಾರ್ವರ್ಡರ್ ಖಾತೆ ತೆರೆದ ಕೂಡಲೇ ಒಂದು ವಿಳಾಸ, ಅದರ ಜೊತೆ ಸೂಟ್ ನಂಬರ್ ಕೊಡುತ್ತಾರೆ. ಸಾವಿರಾರು ಜನಕ್ಕೆ ಬೀದಿ ವಿಳಾಸ ಒಂದೇ, ಸೂಟ್ ನಂಬರ್ ಮಾತ್ರ ನಿಮ್ಮದು. ಇದನ್ನು ವಿಳಾಸದ ಎರಡನೇ ಸಾಲಿನಲ್ಲಿ ಬರೆದು ಸುಮ್ಮನಾಗಬೇಡಿ, ಕೆಲವು ಅಂಗಡಿಗಳ ಲೇಬಲ್ಲಿನಲ್ಲಿ ಎರಡನೇ ಸಾಲು ಮುದ್ರಣವೇ ಆಗುವುದಿಲ್ಲ. ಹೆಸರಿನ ಕೊನೆಯಲ್ಲೂ ಒಮ್ಮೆ ಹಾಕಿ. ಸೂಟ್ ನಂಬರ್ ಇಲ್ಲದ ಡಬ್ಬ ಗೋದಾಮಿನ ವಾರಸುದಾರರಿಲ್ಲದ ರಾಶಿಗೆ ಸೇರುತ್ತದೆ, ಅದನ್ನು ಹುಡುಕಿಸಲು ಟ್ರ್ಯಾಕಿಂಗ್ ನಂಬರ್, ಬಿಲ್ಲು ಎರಡೂ ಕಳಿಸಿ ದಿನಗಟ್ಟಲೆ ಕಾಯಬೇಕು.

ಹೆಸರಿನ ವಿಚಾರದಲ್ಲಿ ನಮ್ಮ ಕಡೆಯವರಿಗೆ ಒಂದು ವಿಶೇಷ ತೊಡಕಿದೆ. ಊರಿನ ಅಕ್ಷರ, ಅಪ್ಪನ ಹೆಸರಿನ ಅಕ್ಷರ ಮುಂದೆ ಹಾಕುವುದು ನಮ್ಮ ರೂಢಿ. ಆಧಾರ್‌ನಲ್ಲಿ ಅಕ್ಷರಗಳು ಹಿಂದೆ ಇರುತ್ತವೆ, ಪಾನ್‌ನಲ್ಲಿ ಅಪ್ಪನ ಹೆಸರೇ ಪೂರ್ತಿ ಬಿಡಿಸಿಕೊಂಡಿರುತ್ತದೆ, ಬ್ಯಾಂಕ್ ಕಾರ್ಡಿನಲ್ಲಿ ಅಕ್ಷರಗಳೇ ಇರುವುದಿಲ್ಲ. ವಿದೇಶದ ಫಾರ್ಮುಗಳೋ ‘ಕೊನೆಯ ಹೆಸರು’ ಖಾಲಿ ಬಿಡಲು ಒಪ್ಪುವುದಿಲ್ಲ, ಒಂದೇ ಅಕ್ಷರವನ್ನೂ ಕೆಲವು ಒಪ್ಪುವುದಿಲ್ಲ. ಆಗ ಹೆಸರನ್ನೇ ಎರಡು ಸಲ ಬರೆದವರಿದ್ದಾರೆ, ಊರಿನ ಹೆಸರು ಹಾಕಿದವರೂ ಇದ್ದಾರೆ. ಭಾರತಕ್ಕೆ ಬಂದ ಪಾರ್ಸೆಲ್ಲಿನ ಮೇಲಿನ ಹೆಸರು ಕೆವೈಸಿಗೆ ಕೊಟ್ಟ ಗುರುತಿನ ಚೀಟಿಯ ಹೆಸರಿಗೆ ತಾಳೆಯಾಗಬೇಕು. ಯಾವ ಚೀಟಿ ಕೊಡುತ್ತೀರಿ ಎಂದು ಮೊದಲೇ ನಿರ್ಧರಿಸಿ, ಅದರಲ್ಲಿ ಇಂಗ್ಲಿಷಿನಲ್ಲಿ ಹೇಗಿದೆಯೋ ಹಾಗೆಯೇ ಫಾರ್ವರ್ಡರ್ ಖಾತೆಯಲ್ಲೂ ಅಂಗಡಿಯ ಆರ್ಡರಿನಲ್ಲೂ ಬರೆಯಿರಿ. ಅಂಗಡಿಯ ಬಿಲ್ಲಿನಲ್ಲಿ ಅಣ್ಣನ ಹೆಸರು, ಪಾರ್ಸೆಲ್ ಮೇಲೆ ತಮ್ಮನ ಹೆಸರು ಇದ್ದರೆ ಉತ್ತರ ಕೊಡುವ ಕೆಲಸ ನಿಮ್ಮ ಪಾಲಿಗೆ ಬರುತ್ತದೆ.

ಇನ್ನು ಕಾರ್ಡು. ಆರ್‌ಬಿಐ ನಿಯಮದಂತೆ 2020ರ ಮಾರ್ಚ್‌ನಿಂದ ಹೊಸ ಕಾರ್ಡುಗಳು ಮೊದಲಿಗೆ ದೇಶದೊಳಗಿನ ಎಟಿಎಂ ಮತ್ತು ಅಂಗಡಿಯ ಸ್ವೈಪ್ ಯಂತ್ರಗಳಲ್ಲಷ್ಟೇ ನಡೆಯುತ್ತವೆ. ವಿದೇಶಿ ವ್ಯವಹಾರ, ಆನ್‌ಲೈನ್ ವ್ಯವಹಾರ ಎರಡನ್ನೂ ಬ್ಯಾಂಕಿನ ಆ್ಯಪ್‌ನಲ್ಲಿ ನೀವೇ ಆನ್ ಮಾಡಿ ಮಿತಿ ಹಾಕಬೇಕು. ಡ್ರಾಪ್ (ಸೀಮಿತ ಜೋಡಿಗಳು ನಿಗದಿತ ಹೊತ್ತಿಗೆ ಮಾರಾಟಕ್ಕೆ ಬರುವುದು) ಶುರುವಾದ ಮೇಲೆ ಇದು ನೆನಪಾದರೆ ಪ್ರಯೋಜನವಿಲ್ಲ. ಎರಡನೆಯ ತಡೆ ವಿಳಾಸ ಪರಿಶೀಲನೆ. ಅಮೆರಿಕದ ಅಂಗಡಿಗಳು ಬಿಲ್ಲಿಂಗ್ ವಿಳಾಸದ ಅಂಕಿ ಮತ್ತು ಜಿಪ್ ಕೋಡನ್ನು ಕಾರ್ಡು ಕೊಟ್ಟ ಬ್ಯಾಂಕಿನೊಂದಿಗೆ ತಾಳೆ ನೋಡುತ್ತವೆ, ಭಾರತದ ಕಾರ್ಡುಗಳಲ್ಲಿ ಈ ತಾಳೆ ಸಾಮಾನ್ಯವಾಗಿ ಆಗುವುದಿಲ್ಲ. ಬಿಲ್ಲಿಂಗ್ ಭಾರತದ್ದು, ಡೆಲಿವರಿ ಆರೆಗಾನ್ ಗೋದಾಮಿಗೆ ಎಂದಾಗ ಅಂಗಡಿಯ ಯಂತ್ರ ಅದನ್ನು ವಂಚನೆಯ ಗುರುತು ಎಂದೇ ಓದಿ ಆರ್ಡರ್ ರದ್ದು ಮಾಡುತ್ತದೆ. ಬಿಲ್ಲಿಂಗ್ ವಿಳಾಸವೂ ಅಮೆರಿಕದ್ದೇ ಎಂದು ಸುಳ್ಳು ಬರೆದರೆ ಸರಿಹೋಗುವುದಿಲ್ಲ, ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ಪೇಪಾಲ್ ಒಪ್ಪುವ ಅಂಗಡಿಯಲ್ಲಿ ಅದರ ಮೂಲಕ ಕಟ್ಟುವುದು, ಇಲ್ಲವೇ ನಿಮ್ಮ ಪರವಾಗಿ ಕೊಂಡುಕೊಡುವ ಸೇವೆ ಇರುವ ಫಾರ್ವರ್ಡರನ್ನು ಹಿಡಿಯುವುದು, ಇವೆರಡೇ ನೇರ ದಾರಿ. ಫಾರ್ವರ್ಡಿಂಗ್ ವಿಳಾಸಗಳಿಗೆ ಮಾರುವುದಿಲ್ಲ ಎಂದು ಷರತ್ತಿನಲ್ಲೇ ಬರೆದಿರುವ ಅಂಗಡಿಗಳೂ ಇವೆ. ಆ ಪುಟ ಓದದೆ ಆರ್ಡರ್ ಹಾಕಬೇಡಿ. ರದ್ದಾದ ಆರ್ಡರಿನ ಹಣ ಕಾರ್ಡಿನಲ್ಲಿ ಹಲವು ದಿನ ತಡೆದು ನಿಂತಿರುತ್ತದೆ, ಮುಂದಿನ ಡ್ರಾಪಿಗೆ ಮಿತಿ ಉಳಿದಿರುವುದಿಲ್ಲ.

ಡ್ರಾಪಿನ ಸಮಯ ತಪ್ಪಾಗಿ ಎಣಿಸುವವರು ಈಗಲೂ ಬಹಳ. ನ್ಯೂಯಾರ್ಕಿನ ಬೆಳಗ್ಗೆ 10 ಗಂಟೆ ಎಂದರೆ ನಮಗೆ ಸಂಜೆ 7:30. ಆದರೆ ಇದು ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಮಾತ್ರ, ಉಳಿದ ತಿಂಗಳು ರಾತ್ರಿ 8:30. ಲಂಡನ್ನಿನ ಬೆಳಗ್ಗೆ 8 ಬೇಸಿಗೆಯಲ್ಲಿ ನಮಗೆ ಮಧ್ಯಾಹ್ನ 12:30, ಚಳಿಗಾಲದಲ್ಲಿ 1:30. ಜಪಾನ್ ಗಡಿಯಾರ ಬದಲಿಸುವುದಿಲ್ಲ, ಅಲ್ಲಿಯ 9 ಗಂಟೆ ವರ್ಷವಿಡೀ ನಮಗೆ ಬೆಳಗಿನ 5:30.

ಸೈಜು ತಪ್ಪಿದರೆ ವಾಪಸ್ ಎಂಬ ಮಾತಿಲ್ಲ. ಹಿಂತಿರುಗಿಸುವ ಸಾಗಣೆಯೇ ಶೂನ ಅರ್ಧ ಬೆಲೆ ನುಂಗುತ್ತದೆ, ಕಟ್ಟಿದ ಸುಂಕ ಸುಲಭಕ್ಕೆ ಮರಳುವುದಿಲ್ಲ. ನಮ್ಮ ಅಂಗಡಿಗಳಲ್ಲಿ ಕೇಳುವುದು ಯುಕೆ ಸೈಜು, ಅಮೆರಿಕದ ಪುಟದಲ್ಲಿರುವುದು ಯುಎಸ್ ಸೈಜು, ನಡುವಿನ ಅಂತರ ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬೇರೆ. ಗಂಡಸರ ಯುಎಸ್ 9 ಎಂದರೆ ನೈಕಿಯಲ್ಲಿ ಯುಕೆ 8, ಅಡಿಡಾಸ್‌ನಲ್ಲಿ ಯುಕೆ 8.5, ನ್ಯೂ ಬ್ಯಾಲೆನ್ಸ್‌ನಲ್ಲೂ 8.5, ಆಸಿಕ್ಸ್‌ನಲ್ಲಿ 8. ಈ ನಾಲ್ಕರಲ್ಲೂ ಸೆಂಟಿಮೀಟರ್ ಅಂಕಿ 27. ಹಾಗಾಗಿ ನೆನಪಿಡಬೇಕಾದ್ದು ಸೆಂಟಿಮೀಟರನ್ನು. ಜಪಾನಿನವರು ಬರೆಯುವುದೂ ಅದನ್ನೇ. ಸಂಜೆ ಹೊತ್ತು ಪಾದ ಸ್ವಲ್ಪ ಊದಿಕೊಂಡಿರುವಾಗ ಗೋಡೆಗೆ ಹಿಮ್ಮಡಿ ತಾಗಿಸಿ ನಿಂತು, ಉದ್ದ ಬೆರಳಿನ ತುದಿಗೆ ಗೆರೆ ಎಳೆದು ಎರಡೂ ಪಾದ ಅಳೆಯಿರಿ. ದೊಡ್ಡ ಪಾದದ ಅಳತೆಯನ್ನು ಆಯಾ ಬ್ರ್ಯಾಂಡಿನ ಪಟ್ಟಿಯಲ್ಲಿ ನೋಡಿ. ನೈಕಿಯ ಹೆಂಗಸರ ಸೈಜು ಗಂಡಸರದ್ದಕ್ಕಿಂತ ಒಂದೂವರೆ ಅಂಕಿ ಮೇಲಿರುತ್ತದೆ, ಹೆಂಗಸರ 10.5 ಎಂದರೆ ಗಂಡಸರ 9.

ಗೋದಾಮಿಗೆ ಡಬ್ಬ ಬಂದ ಮೇಲೆ ಮೊದಲ ಕೆಲಸ ಫೋಟೋ ಕೇಳುವುದು. ಡಬ್ಬದ ಲೇಬಲ್, ಶೂ ನಾಲಿಗೆಯ ಒಳಗಿನ ಚೀಟಿ, ಎರಡೂ ಕಾಲಿನದ್ದು, ಈ ಮೂರು ಸಾಕು. ನೈಕಿಯ ಸ್ಟೈಲ್ ಕೋಡ್ ಆರು ಅಕ್ಷರ-ಅಂಕಿ, ಅಡ್ಡಗೆರೆ, ಮೂರು ಅಂಕಿಯ ಬಣ್ಣದ ಸಂಖ್ಯೆ ಹೀಗಿರುತ್ತದೆ. 2022ರ ನವೆಂಬರ್‌ನಲ್ಲಿ ಬಂದ ಏರ್ ಜೋರ್ಡನ್ 1 ‘ಲಾಸ್ಟ್ ಆ್ಯಂಡ್ ಫೌಂಡ್’ ಜೋಡಿಗೆ ಡಿಝಡ್5485-612. ಡಬ್ಬದ ಮೇಲಿನ ಕೋಡ್, ಶೂ ಒಳಗಿನ ಕೋಡ್ ಮತ್ತು ನೀವು ಕೊಂಡ ಪುಟದ ಕೋಡ್ ಮೂರೂ ಒಂದೇ ಇರಬೇಕು. ತಪ್ಪು ಕಂಡರೆ ಅಂಗಡಿಗೆ ವಾಪಸ್ ಕಳಿಸಬಹುದಾದ ಕೊನೆಯ ಜಾಗ ಇದೇ ಗೋದಾಮು.

ಇನ್ನು ಸಾಗಣೆಯ ತೂಕ. ಖರ್ಚು ಹೆಚ್ಚು ಸೋರುವುದು ಇಲ್ಲೇ, ಉಳಿಸಲು ಸಾಧ್ಯವಿರುವುದೂ ಇಲ್ಲೇ. ಖಾಸಗಿ ಕೊರಿಯರ್‌ಗಳು ನಿಜವಾದ ತೂಕ ಮತ್ತು ಗಾತ್ರದ ತೂಕ ಎರಡರಲ್ಲಿ ಹೆಚ್ಚಿರುವುದಕ್ಕೆ ಹಣ ಹಾಕುತ್ತವೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಗಾತ್ರದ ತೂಕ ಕಿಲೋದಲ್ಲಿ ಬರುತ್ತದೆ. ಸಾಮಾನ್ಯ ಶೂ ಡಬ್ಬ 35, 22, 13 ಎಂದುಕೊಳ್ಳಿ. ಗುಣಲಬ್ಧ 10,010, ಗಾತ್ರದ ತೂಕ 2 ಕಿಲೋ. ಶೂ ಸಮೇತ ತಕ್ಕಡಿಗೆ ಹಾಕಿದರೆ ಅದು ಒಂದೂಕಾಲು, ಒಂದೂವರೆ ಕಿಲೋ ತೂಗಬಹುದು. ಅದನ್ನು 38, 26, 17ರ ಹೊರಡಬ್ಬದಲ್ಲಿಟ್ಟರೆ 3.36, ಅಂದರೆ ಅರ್ಧ ಕಿಲೋ ಲೆಕ್ಕದಲ್ಲಿ 3.5 ಕಿಲೋ. ಗೋದಾಮಿನ ಹುಡುಗರು ಕೈಗೆ ಸಿಕ್ಕಿದ 45, 35, 25ರ ಡಬ್ಬಕ್ಕೆ ಹಾಕಿ ಸುತ್ತ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲ ತುರುಕಿದರೆ 7.9, ಬಿಲ್ಲು 8 ಕಿಲೋಗೆ. ಅದೇ ಶೂ, ಅದೇ ವಿಮಾನ, ಸಾಗಣೆ ಎರಡು ಪಟ್ಟಿಗೂ ಮೀರಿ!

ಹಾಗಾಗಿ ಪ್ಯಾಕಿಂಗ್ ಸೂಚನೆಯಲ್ಲಿ ಸ್ಪಷ್ಟವಾಗಿ ಬರೆಯಿರಿ: ಶೂ ಡಬ್ಬ ತೆಗೆಯಬಾರದು, ಎಲ್ಲ ಕಡೆ ಎರಡು ಸೆಂಟಿಮೀಟರಿಗಿಂತ ಹೆಚ್ಚು ಜಾಗ ಬಿಡದ ಹೊರಡಬ್ಬ ಬೇಕು, ಶೂ ಡಬ್ಬದ ಮೇಲೆ ನೇರವಾಗಿ ಟೇಪು ಅಥವಾ ಲೇಬಲ್ ಅಂಟಿಸಬಾರದು. ಸಾಗಣೆ ಉಳಿಸಲು ಶೂ ಡಬ್ಬ ಬಿಸಾಡಿಸುವವರಿದ್ದಾರೆ. ದಿನಾ ತೊಡುವ ಶೂಗೆ ಅದು ಸರಿ. ಸೀಮಿತ ಆವೃತ್ತಿಯ ಜೋಡಿಗೆ ಡಬ್ಬವೂ ಅದರದ್ದೇ ಭಾಗ, ಡಬ್ಬ ಕಳೆದರೆ ಮರುಮಾರಾಟದ ಬೆಲೆ ಬೀಳುತ್ತದೆ, ಮುದುರದ ಹಾಗೆ ಶೂ ಮುಂಭಾಗ ಕಾಯುವುದೂ ಅದೇ. ಜೊತೆಗೆ ಶೂಗೆ ಹೊಡೆಯುವ ನೀರುನಿರೋಧಕ ಸ್ಪ್ರೇ ತರಿಸಬೇಡಿ. ಸುಡುವ ಅನಿಲದ ಡಬ್ಬಿ ವಿಮಾನಕ್ಕೆ ಹತ್ತುವುದಿಲ್ಲ, ಅದರಿಂದ ಇಡೀ ಪಾರ್ಸೆಲ್ ನಿಲ್ಲುತ್ತದೆ.

ಜಪಾನಿನಿಂದ ತರಿಸುವವರಿಗೆ ಇಲ್ಲೊಂದು ಅನುಕೂಲ. ಜಪಾನ್ ಅಂಚೆಯ ಇಎಂಎಸ್ (ಹೊರದೇಶಕ್ಕೆ ಕಳಿಸುವ ಸ್ಪೀಡ್ ಪೋಸ್ಟ್ ಥರದ ಸೇವೆ) ಹಣ ಹಾಕುವುದು ನಿಜವಾದ ತೂಕಕ್ಕೆ, ಗಾತ್ರದ ತೂಕಕ್ಕಲ್ಲ. ಹಗುರ, ದೊಡ್ಡ ಡಬ್ಬದ ಶೂಗೆ ಇದಕ್ಕಿಂತ ಹೊಂದುವ ದಾರಿ ನನಗೆ ಕಾಣುವುದಿಲ್ಲ. ಇಎಂಎಸ್ ಸಂಖ್ಯೆ ‘ಇ’ಯಿಂದ ಶುರುವಾಗಿ ‘ಜೆಪಿ’ಯಲ್ಲಿ ಮುಗಿಯುವ 13 ಅಕ್ಷರಗಳದ್ದು, ಭಾರತಕ್ಕೆ ಬಂದ ಮೇಲೆ ಅದೇ ಸಂಖ್ಯೆ ನಮ್ಮ ಅಂಚೆ ಇಲಾಖೆಯ ಟ್ರ್ಯಾಕಿಂಗ್‌ನಲ್ಲೂ ನಡೆಯುತ್ತದೆ. ಸುಂಕವನ್ನು ಅಂಚೆಯವರು ಡೆಲಿವರಿ ಹೊತ್ತಿಗೆ ವಸೂಲಿ ಮಾಡುತ್ತಾರೆ. ಹಾಗಾಗಿ ‘ನಿಮ್ಮ ಅಂಚೆ ಪಾರ್ಸೆಲ್ ನಿಂತಿದೆ, 25 ರೂಪಾಯಿ ಕಟ್ಟಿ’ ಎಂಬ ಲಿಂಕ್ ಮೆಸೇಜಿಗೆ ಬಂದರೆ ಅದನ್ನು ಒತ್ತಬೇಡಿ.

ಮೌಲ್ಯ ಘೋಷಣೆಯಲ್ಲಿ ಕೊಟ್ಟ ಬೆಲೆಯನ್ನೇ ಬರೆಯಬೇಕು. 180ರ ಶೂವನ್ನು 40 ಎಂದು ತೋರಿಸಿದರೆ 1962ರ ಕಸ್ಟಮ್ಸ್ ಕಾಯ್ದೆಯ 111(ಎಂ) ಕಲಮಿನಡಿ ಮುಟ್ಟುಗೋಲಿಗೆ, 112ನೇ ಕಲಮಿನಡಿ ದಂಡಕ್ಕೆ ಗುರಿ. ಸ್ಟೈಲ್ ಕೋಡ್ ಹಾಕಿ ಬೆಲೆ ಹುಡುಕಲು ಅಧಿಕಾರಿಗೆ ಅರ್ಧ ನಿಮಿಷ ಸಾಕು. ಪಾರ್ಸೆಲ್ ಕಳೆದರೂ ವಿಮೆ ಕೊಡುವುದು ಘೋಷಿಸಿದ 40 ಮಾತ್ರ. ‘ಉಡುಗೊರೆ’ ಎಂದು ಬರೆಸುವ ಹಳೆಯ ಉಪಾಯವೂ ಮುಗಿದಿದೆ: ಅಂಚೆ, ಕೊರಿಯರ್ ಮೂಲಕ ಉಡುಗೊರೆ ಎಂದು ಸುಂಕವಿಲ್ಲದೆ ಬಿಡಿಸಿಕೊಳ್ಳುವುದನ್ನು ರಾಖಿ ಮತ್ತು ಜೀವರಕ್ಷಕ ಔಷಧ ಬಿಟ್ಟು ಉಳಿದೆಲ್ಲಕ್ಕೆ 2019ರ ಡಿಸೆಂಬರ್‌ನಲ್ಲೇ ನಿಲ್ಲಿಸಲಾಯಿತು. ನೀವು ಕೊಂಡದ್ದು ಉಡುಗೊರೆಯೂ ಅಲ್ಲ.

ಸುಂಕದ ಲೆಕ್ಕ ಹೀಗೆ. ಶೂ ಬೆಲೆಗೆ ಸಾಗಣೆ ಮತ್ತು ವಿಮೆ ಸೇರಿಸಿ ಬರುವ ಮೊತ್ತದ ಮೇಲೆ ಮೂಲ ಸುಂಕ, ಸಾಮಾನ್ಯವಾಗಿ ಆ ಸುಂಕದ ಶೇ. 10 ಸಮಾಜ ಕಲ್ಯಾಣ ಸರ್ಚಾರ್ಜ್, ಇವೆಲ್ಲವನ್ನೂ ಕೂಡಿದ ಮೊತ್ತದ ಮೇಲೆ ಐಜಿಎಸ್‌ಟಿ (ಆಮದಿಗೆ ಬೀಳುವ ಜಿಎಸ್‌ಟಿ). ವಿಮಾನದಲ್ಲಿ ಬಂದ ಸರಕಿಗೆ ಎಷ್ಟೇ ಸಾಗಣೆ ಕೊಟ್ಟಿದ್ದರೂ ಮೌಲ್ಯಕ್ಕೆ ಸೇರಿಸುವ ಸಾಗಣೆ ವಸ್ತುವಿನ ಬೆಲೆಯ ಶೇ. 20 ದಾಟುವಂತಿಲ್ಲ. ವಿಮೆ ಎಷ್ಟೆಂದು ತಿಳಿಯದಿದ್ದರೆ ಶೇ. 1.125 ಹಿಡಿಯುತ್ತಾರೆ. 2007ರ ಮೌಲ್ಯಮಾಪನ ನಿಯಮಗಳಲ್ಲೇ ಇದು ಇದೆ, ಕೊರಿಯರ್ ಕಳಿಸಿದ ಲೆಕ್ಕವನ್ನು ಇದರ ಜೊತೆ ಹೋಲಿಸಿ ನೋಡಿ. ಡಾಲರ್ ದರ ಕಸ್ಟಮ್ಸ್ ಪ್ರಕಟಿಸಿದ್ದು, ಮೊಬೈಲಿನಲ್ಲಿ ಕಾಣುವುದಲ್ಲ.

ಸುಂಕದ ದರಗಳು ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತವೆ. 2020ರ ಬಜೆಟ್ ಪಾದರಕ್ಷೆಯ ಮೂಲ ಸುಂಕವನ್ನು ಶೇ. 25ರಿಂದ 35ಕ್ಕೆ ಏರಿಸಿತ್ತು. ಜೊತೆಗೆ ಒಂದೇ ಶೂ ಸುಂಕದ ಪಟ್ಟಿಯ ಎರಡು ಶೀರ್ಷಿಕೆಯಡಿ ಬರಬಹುದು: ಪಾದರಕ್ಷೆಗಳ 64ನೇ ಅಧ್ಯಾಯ, ಅಥವಾ ಸ್ವಂತ ಬಳಕೆಗೆ ಅಂಚೆ ಇಲ್ಲವೇ ವಿಮಾನದಲ್ಲಿ ಬರುವ ವಸ್ತುಗಳ 9804. ಆರ್ಡರ್ ಹಾಕುವ ವಾರದ ದರ ಎರಡಕ್ಕೂ ನೋಡಿಟ್ಟುಕೊಳ್ಳಿ. ಇಲ್ಲಿ ಲೆಕ್ಕದ ರೀತಿ ತೋರಿಸಲು ಮಾತ್ರ ಡಾಲರಿಗೆ 90 ರೂ., ಮೂಲ ಸುಂಕ ಶೇ. 20, ಐಜಿಎಸ್‌ಟಿ ಶೇ. 18 ಎಂದಿಟ್ಟುಕೊಳ್ಳೋಣ.

ಶೂ 180 ಡಾಲರ್, 16,200 ರೂ. ಸಾಗಣೆ 55 ಡಾಲರ್ ಎಂದರೆ 4,950 ರೂ., ಆದರೆ ಸುಂಕದ ಲೆಕ್ಕಕ್ಕೆ ಸೇರುವುದು ಶೇ. 20, ಅಂದರೆ 3,240. ವಿಮೆ 182. ಒಟ್ಟು ಮೌಲ್ಯ 19,622. ಮೂಲ ಸುಂಕ 3,924, ಸರ್ಚಾರ್ಜ್ 392, ಇಲ್ಲಿಯವರೆಗೆ 23,938. ಅದರ ಮೇಲೆ ಐಜಿಎಸ್‌ಟಿ 4,309. ಸುಂಕ-ತೆರಿಗೆ ಒಟ್ಟು 8,625. ಕಾರ್ಡಿನ ಶೇ. 3.5 ಮಾರ್ಕಪ್ (ವಿದೇಶಿ ವ್ಯವಹಾರಕ್ಕೆ ಬ್ಯಾಂಕ್ ಹಾಕುವ ಶುಲ್ಕ), ಅದರ ಮೇಲೆ ಶೇ. 18 ಜಿಎಸ್‌ಟಿ, ಶೂ ಮತ್ತು ಸಾಗಣೆ ಎರಡಕ್ಕೂ ಸೇರಿ 873. ಕೊರಿಯರ್‌ನವರು ಮುಂಗಡವಾಗಿ ಸುಂಕ ಕಟ್ಟಿದ್ದಕ್ಕೆ ಹಾಕುವ ಶುಲ್ಕ 1,000 ಎಂದು ಹಿಡಿಯಿರಿ. ಕೂಡಿದರೆ 31,648. ಮರುಮಾರಾಟಗಾರರು ಇದೇ ಜೋಡಿಯನ್ನು ಬೆಂಗಳೂರಿನಲ್ಲಿ 30,000ಕ್ಕೆ ಕೊಡುತ್ತಿದ್ದರೆ ಬಸ್ಸು ಹತ್ತಿ ಹೋಗಿ ಕೈಯಲ್ಲಿ ಹಿಡಿದು, ಕಾಲಿಗೆ ಹಾಕಿ ನೋಡಿ ತರುವುದೇ ಬುದ್ಧಿವಂತಿಕೆ.

ಸ್ವಂತ ಬಳಕೆಗೆ ಒಂದು ಜೋಡಿ ತರಿಸಲು ಆಮದು-ರಫ್ತು ಕೋಡ್ ಬೇಕಿಲ್ಲ. ಒಂದೇ ಮಾದರಿಯ ನಾಲ್ಕು ಜೋಡಿ, ಅದೂ ಬೇರೆ ಬೇರೆ ಸೈಜು, ಒಂದೇ ಡಬ್ಬದಲ್ಲಿ ಬಂದರೆ ಅದು ವ್ಯಾಪಾರ ಎಂದು ಕಾಣುತ್ತದೆ. ಆಗ ಆ ಕೋಡ್ ಕೇಳುತ್ತಾರೆ. 2024ರ ಆಗಸ್ಟ್ 1ರಿಂದ ಜಾರಿಯಾದ ಪಾದರಕ್ಷೆ ಗುಣಮಟ್ಟ ನಿಯಂತ್ರಣ ಆದೇಶದ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತಿನ ಪ್ರಶ್ನೆಯೂ ಏಳುತ್ತದೆ. ಕಾಲೇಜಿನ ಗೆಳೆಯರೆಲ್ಲ ಸೇರಿ ಸಾಗಣೆ ಉಳಿಸೋಣ ಎಂದು ಒಬ್ಬರ ಹೆಸರಿಗೆ ತರಿಸುವುದು ಹಾಸನದಲ್ಲಿ ಬಹಳ. ಉಳಿತಾಯವೂ ಅಂಥದ್ದೇನಿಲ್ಲ: ಎರಡು ಜೋಡಿಯ ಡಬ್ಬ 38, 26, 30 ಎಂದರೂ 6 ಕಿಲೋ, ಒಂದೊಂದಾಗಿ ತರಿಸಿದರೆ 7.

ಪಾರ್ಸೆಲ್ ಭಾರತ ಮುಟ್ಟಿದ ದಿನವೇ ಕೊರಿಯರ್‌ನಿಂದ ಕೆವೈಸಿ ಕೇಳಿ ಮೆಸೇಜ್ ಬರುತ್ತದೆ. ಗುರುತಿನ ಚೀಟಿ, ಅಂಗಡಿಯ ಬಿಲ್ಲು, ಕಾರ್ಡಿನಿಂದ ಹಣ ಹೋದದ್ದಕ್ಕೆ ಪುರಾವೆ, ಮೂರನ್ನೂ ಒಂದೇ ಪಿಡಿಎಫ್ ಮಾಡಿಟ್ಟುಕೊಂಡಿದ್ದರೆ ಅಂದೇ ಮುಗಿಯುತ್ತದೆ. ಮೆಸೇಜಿನ ಲಿಂಕನ್ನು ನಂಬದೆ ಕೊರಿಯರ್ ವೆಬ್‌ಸೈಟಿನಲ್ಲಿ ನೀವೇ ಟ್ರ್ಯಾಕಿಂಗ್ ನಂಬರ್ ಹಾಕಿ ಅಲ್ಲಿಂದ ಹೋಗಿ. ಕಸ್ಟಮ್ಸ್ ಅಧಿಕಾರಿ ಯಾರದೋ ವೈಯಕ್ತಿಕ ಖಾತೆಗೆ ಹಣ ಹಾಕಿಸಿಕೊಳ್ಳುವುದಿಲ್ಲ. ಬಿಲ್ ಆಫ್ ಎಂಟ್ರಿಯ (ಕಸ್ಟಮ್ಸ್‌ಗೆ ಸಲ್ಲಿಸಿದ ಆಮದು ದಾಖಲೆ) ಪ್ರತಿ ತಪ್ಪದೆ ಕೇಳಿ ಪಡೆಯಿರಿ, ಮುಂದೆ ಆ ಜೋಡಿ ಮಾರುವಾಗಲೂ ಅದು ಅಸಲಿತನಕ್ಕೆ ಒಂದು ಆಧಾರ.

ಹಾಸನ 573201, ಚಿಕ್ಕಮಗಳೂರು 577101 ಊರೊಳಗಿನ ವಿಳಾಸಗಳಿಗೆ ತೊಂದರೆಯಿಲ್ಲ. ಮೂಡಿಗೆರೆ, ಕೊಪ್ಪ, ಕಳಸದ ಎಸ್ಟೇಟ್ ವಿಳಾಸಗಳ ಪಿನ್‌ಕೋಡಿಗೆ ಕೊರಿಯರ್‌ಗಳು ದೂರದ ಪ್ರದೇಶದ ಹೆಚ್ಚುವರಿ ಶುಲ್ಕ ಹಾಕಬಹುದು. ಆರ್ಡರಿಗೆ ಮುಂಚೆ ಅವರ ಪಟ್ಟಿಯಲ್ಲಿ ನಿಮ್ಮ ಪಿನ್‌ಕೋಡ್ ನೋಡಿ. ಮಳೆಗಾಲದಲ್ಲಿ ಸಿಗ್ನಲ್ ಇಲ್ಲದ ತೋಟದ ಮನೆಗೆ ಡೆಲಿವರಿ ಹುಡುಗ ಎರಡು ಸಲ ಫೋನ್ ಮಾಡಿ ಸಿಗದೆ ವಾಪಸ್ ಒಯ್ಯುವುದು ಸಾಮಾನ್ಯ. ಪೇಟೆಯಲ್ಲಿ ನೆಂಟರ ಅಂಗಡಿಯೋ ಮನೆಯೋ ಇದ್ದರೆ ಆ ವಿಳಾಸವೇ ಒಳ್ಳೆಯದು, ಹೆಸರು ಮಾತ್ರ ನಿಮ್ಮದೇ ಇರಲಿ. ಅಂಚೆಯಲ್ಲಿ ಬರುವುದಾದರೆ ಎಸ್ಟೇಟ್ ವಿಳಾಸವೂ ನಡೆಯುತ್ತದೆ. ಊರಿನ ಅಂಚೆಯವರಿಗೆ ಮನೆ ಗೊತ್ತಿರುತ್ತದೆ.

ಡಬ್ಬ ಕೈಗೆ ಬಂದಾಗ ಹೊರಗಿನ ಲೇಬಲ್‌ನಿಂದ ಶುರುಮಾಡಿ ಒಡೆಯುವವರೆಗೂ ತಡೆಯದೆ ವಿಡಿಯೋ ಮಾಡಿ, ವಿಮೆ ಕೇಳುವಾಗ ಅದೇ ಪುರಾವೆ. ಆಮೇಲೆ ಮಲೆನಾಡಿನ ತೇವದ ಚಿಂತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಚ್ಚಿದ ಡಬ್ಬದಲ್ಲಿಟ್ಟ ಚರ್ಮ, ಸ್ಯೂಡ್ ಎರಡಕ್ಕೂ ಬೂಷ್ಟು ಹಿಡಿಯುತ್ತದೆ. ಏರ್ ಜೋರ್ಡನ್ 3, 4ರಂಥ ಜೋಡಿಗಳ ಮಿಡ್‌ಸೋಲ್ (ಅಟ್ಟೆಯ ನಡುವಿನ ಮೆತ್ತನೆಯ ಪದರ) ಪಾಲಿಯುರಥೇನ್. ಗಾಳಿಯ ತೇವ ಅದರ ರಾಸಾಯನಿಕ ಕೊಂಡಿಗಳನ್ನು ಕಡಿಯುತ್ತ ಹೋಗಿ ವರ್ಷಗಳ ಮೇಲೆ ಬೆಲ್ಲದ ಪುಡಿಯ ಹಾಗೆ ಉದುರುತ್ತದೆ. ತೊಡದೆ ಡಬ್ಬದಲ್ಲೇ ಇಟ್ಟಿದ್ದರೂ ಇದು ತಪ್ಪುವುದಿಲ್ಲ. ಹತ್ತು ಹದಿನೈದು ವರ್ಷ ಹಳೆಯ, ‘ತೊಟ್ಟೇ ಇಲ್ಲ’ ಎನ್ನುವ ಜೋಡಿಗೆ ಹೊರದೇಶದಿಂದ ಹಣ ಕೊಟ್ಟು ತರಿಸುವ ಮುಂಚೆ ಇದನ್ನು ಯೋಚಿಸಿ. ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಬಣ್ಣ ಬದಲಾಯಿಸಿ ತೇವ ತುಂಬಿದ್ದನ್ನು ತೋರಿಸುವಂಥದ್ದು, ಇಟ್ಟು ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೆಗೆದು ಫ್ಯಾನ್ ಗಾಳಿಗೆ ಹಿಡಿಯಿರಿ. ನುಸಿಗುಳಿಗೆ ಹಾಕಬೇಡಿ, ವಾಸನೆ ಹೋಗುವುದಿಲ್ಲ, ಪ್ಲಾಸ್ಟಿಕ್ ಭಾಗಗಳಿಗೂ ಒಳ್ಳೆಯದಲ್ಲ. ಅಡುಗೆಮನೆಯ ಮೇಲಿನ ಅಟ್ಟ ಒಣಗಿರುತ್ತದೆಂದು ಅಲ್ಲಿಡುವವರಿದ್ದಾರೆ. ಒಲೆಯ ಕಾವಿಗೆ ಅಂಟು ಬಿಡುತ್ತದೆ. ಮಲಗುವ ಕೋಣೆಯ ಕಪಾಟಿನಲ್ಲಿ, ಹೊರಗೋಡೆಗೆ ತಾಗದ ಬದಿಯಲ್ಲಿ, ನೆಲದಿಂದ ಒಂದಡಿ ಮೇಲಿನ ಹಲಗೆಯಲ್ಲಿ ಇಡಿ.